ಮಾರೆವ್ವನ ಹಾಡು ಹಾಡಿದವರು

ಮುಬಾಶಿರಾಳ ಮೊಬೈಲಿನಿಂದ ಹಾಡಿನ ಕೊನೆಯ ಸಾಲು ಬಂದಾಗ ಸುನಿತಾಳ ಕೈಯಲ್ಲಿದ್ದ ಕೂದಲಿನ ಕಟ್ಟು ಜಾರಿ ಮಡಿಲಿಗೆ ಬಿತ್ತು.

“ಕಾಲ ಜಾರಿದ್ದಲ್ಲೋ ಅಣ್ಣಾ, ಕೈ ನಿಂದಿತ್ತ ಬೆನ್ನಾಗ...”

“ಇದು ಹೊಸಾದು ಅಕ್ಕಾ,” ಎಂದಳು ಮುಬಾಶಿರಾ. ಭಾಗ್ಯನಗರದ ಆ ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ವಿಗ್ ತಯಾರಿಕೆಗೆ ಹೋಗುವ ಕೂದಲಿನ ಗಂಟು ಬಿಡಿಸುತ್ತಿದ್ದರು. ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ. “ಗಂಗಾವತಿ ಹುಡುಗ ಹಾಡ್ಯಾನ. ಹಳೇ ಹಾಡಿನ್ಯಾಗ ಮಾರೆವ್ವ ತಾನ ಬಾವಿಗೆ ಹಾರತಾಳಲ್ಲ, ಇವ ಅಣ್ಣ ನೂಕಿದ ಅಂತಾನ. ಲಕ್ಷಗಟ್ಟಲೆ ಮಂದಿ ನೋಡ್ಯಾರ.”

“ಹಾಡಿಗೆ ಏನು, ಯಾರು ಏನು ಬೇಕಾದ್ರೂ ಕಟ್ಟತಾರ,” ಎಂದಳು ಸುನಿತಾ. ತನ್ನ ದನಿ ತನಗೇ ದೂರದಿಂದ ಬಂದಂತೆ ಕೇಳಿಸಿತು.

“ಬರೇ ಹಾಡಲ್ಲ ಅಕ್ಕಾ. ಅದು ಖರೇನ ನಡದದ್ದಂತ. ಮೇಗಳಹಾಳ ಅಂತ ತಾವರಗೇರಾ ಕಡೆ ಊರು. ಮಂದಿ ಅರ್ಜಿ ಕೊಟ್ಟಾರ. ಅಣ್ಣನ್ನ ಪೊಲೀಸರು ಎರಡು ಸಲ ಕರಸ್ಯಾರ. ಬರೂ ಗುರುವಾರ ಬಾವಿ ಖಾಲಿ ಮಾಡಿ ಎಲುಬು ಹುಡುಕತಾರಂತ.”

ಸುನಿತಾ ಮಡಿಲಲ್ಲಿದ್ದ ಕಟ್ಟನ್ನು ಎತ್ತಿಕೊಂಡಳು. ಗಂಟು ಬಿಡಿಸದೆಯೇ ಅದನ್ನು ಉದ್ದದ್ದರ ಕಡೆ ಇಟ್ಟಳು. ತಲೆ ಸುತ್ತುತ್ತದೆಂದು ಹೇಳಿ ಹೊರಗೆ ಬಂದು ನೀರಿನ ಡ್ರಮ್ಮಿನ ಪಕ್ಕ ಕೂತಳು.

ಮೇಗಳಹಾಳದ ಮಾರೆವ್ವ ಎಂದರೆ ಅವಳೇ.

ಇಪ್ಪತ್ತೆರಡು ವರ್ಷಗಳ ಹಿಂದೆ ಅವಳಿಗೆ ಹತ್ತೊಂಬತ್ತು. ಅಣ್ಣ ಯಂಕೇಶ ತನ್ನ ಹೆಂಡತಿಯ ಸೋದರಮಾವನಿಗೆ ಅವಳನ್ನು ಕೊಡಲು ಮಾತು ಕೊಟ್ಟಿದ್ದ. ಆತನಿಗೆ ಎರಡನೇ ಸಂಬಂಧ, ವಯಸ್ಸು ನಲವತ್ತು ದಾಟಿತ್ತು. ಒಲ್ಲೆ ಎಂದದ್ದಕ್ಕೆ ಯಂಕೇಶ ಅವಳ ಜಡೆ ಹಿಡಿದು ಊರ ಹೊರಗಿನ ದೊಡ್ಡ ಬಾವಿಯವರೆಗೆ ಎಳೆದುಕೊಂಡು ಹೋಗಿದ್ದ. ಕಟ್ಟೆಯ ಮೇಲೆ ಬಗ್ಗಿಸಿ, ಬೆನ್ನಿನ ಮೇಲೆ ಅಂಗೈ ಇಟ್ಟು, “ಹೂಂ ಅಂತೀಯೋ, ನೂಕಲೋ” ಎಂದು ಕೇಳಿದ್ದ. ಕೆಳಗೆ ನೀರು ಕಪ್ಪಗಿತ್ತು. ಅವಳು ಹೂಂ ಅಂದಿದ್ದಳು.

ಎರಡು ದಿನದ ನಂತರ ನಸುಕಿನಲ್ಲಿ ಕೊಡ ಹಿಡಿದು ಅದೇ ಬಾವಿಗೆ ಹೋದವಳು ಕೊಡವನ್ನೂ ಚಪ್ಪಲಿಯನ್ನೂ ಕಟ್ಟೆಯ ಮೇಲೆ ಬಿಟ್ಟು, ಹೊಲದ ದಾರಿಯಲ್ಲಿ ನಡೆದುಬಿಟ್ಟಿದ್ದಳು. ಊರೂರು ತಿರುಗಿ ಬಳೆ ಮಾರುತ್ತಿದ್ದ ದಾವಲಬೀ ಅವಳನ್ನು ಕೊಪ್ಪಳಕ್ಕೆ ಕರೆತಂದು ತನ್ನ ಮನೆಯಲ್ಲಿಟ್ಟುಕೊಂಡಳು. ಸುನಿತಾ ಎಂಬ ಹೆಸರೂ ದಾವಲಬೀಯೇ ಇಟ್ಟದ್ದು. ಮುಂದೆ ಮಗ್ಗದ ಕೆಲಸದ ಪಂಪಾಪತಿ ಅವಳನ್ನು ಮದುವೆಯಾದ. ರಾಯಚೂರು ಕಡೆಯವಳು, ಹಿಂದೆ ಮುಂದೆ ಯಾರೂ ಇಲ್ಲ ಎಂದಷ್ಟೇ ಅವನಿಗೆ ಗೊತ್ತಿತ್ತು. ಅಷ್ಟನ್ನೇ ತಿಳಿದುಕೊಂಡು ನಾಲ್ಕು ವರ್ಷದ ಹಿಂದೆ ತೀರಿಕೊಂಡ.

ಹಾಡನ್ನು ಅವಳು ಮೊದಲು ಕೇಳಿದ್ದು ಕೊಪ್ಪಳದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ. ದಪ್ಪು, ತುಂತುಣಿಯ ಜೊತೆ ಮೇಗಳಹಾಳದ ಹಾಡುಗಾರ ಅಂದಪ್ಪಜ್ಜನ ದನಿ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ‘ಕೊಡ ಇಟ್ಟಾಳ ಕಟ್ಟಿ ಮ್ಯಾಲ, ಕಾಲ ಇಟ್ಟಾಳ ನೀರಾಗ’ ಎಂಬ ಸಾಲಿಗೆ ಅಂಗಡಿಯಲ್ಲಿದ್ದ ಮುದುಕಿಯೊಬ್ಬಳು ಕಣ್ಣು ಒರೆಸಿಕೊಂಡಳು. ಅಂದು ಜ್ವರ ಬಂದು ಮಲಗಿದ ಸುನಿತಾ ಮೂರು ದಿನ ಎದ್ದಿರಲಿಲ್ಲ. ಆಮೇಲೆ ಭಜನೆ ಮೇಳದವರು ಹಾಡಿದರು. ಅವರ ಮಾರೆವ್ವ ಸಾಯುವಾಗ ದೇವರ ಹೆಸರು ಹೇಳಿದಳು. ಆರ್ಕೆಸ್ಟ್ರಾದವರು ಅವಳಿಗೊಬ್ಬ ಪ್ರಿಯಕರನನ್ನು ಕೊಟ್ಟರು. ಟ್ರ್ಯಾಕ್ಟರುಗಳ ಸ್ಪೀಕರಿನಲ್ಲಿ ಅದು ಕುಣಿಯುವ ಹಾಡಾಯಿತು. ಟೀವಿಯ ಸ್ಪರ್ಧೆಯಲ್ಲಿ ಶಾಲೆಯ ಹುಡುಗಿಯೊಬ್ಬಳು ಕಣ್ಣು ಮುಚ್ಚಿ ಅದನ್ನು ನಿಧಾನವಾಗಿ ಹಾಡಿದಾಗ ಪಂಪಾಪತಿ, “ಪಾಪ, ಎಂಥಾ ಹೆಣ್ಮಗಳು ಹೋದಳು” ಎಂದಿದ್ದ. ಸುನಿತಾ ರೊಟ್ಟಿ ಬಡಿಯುತ್ತಲೇ ಇದ್ದಳು. ಹಾಡುವವರು ಹೆಚ್ಚಿದಷ್ಟೂ ಅವಳಿಗೆ ಧೈರ್ಯ ಬಂದಿತ್ತು. ಸತ್ತವಳನ್ನು ಯಾರೂ ಹುಡುಕುವುದಿಲ್ಲ.

ಆದರೆ ಬೆನ್ನ ಮೇಲಿನ ಆ ಕೈಯನ್ನು ಈವರೆಗೆ ಯಾರೂ ಹಾಡಿರಲಿಲ್ಲ. ಗಂಗಾವತಿಯ ಹುಡುಗ ಸುಮ್ಮನೆ ಊಹಿಸಿರಬೇಕು. ಊಹೆ ಎಂದು ಎಷ್ಟು ಹೇಳಿಕೊಂಡರೂ ಬೆನ್ನಿನಲ್ಲಿ ಆ ಜಾಗ ತಣ್ಣಗಾಗುತ್ತಲೇ ಇತ್ತು.

ಸಂಜೆ ಮನೆಗೆ ಬಂದರೆ ಮಗಳು ಶಾಂಭವಿ ಅದೇ ಹಾಡನ್ನು ಗುನುಗುತ್ತ ಹಾಳೆಯ ಮೇಲೆ ಬರೆಯುತ್ತಿದ್ದಳು. ಡಿಗ್ರಿ ಎರಡನೇ ವರ್ಷ. ಕಾಲೇಜಿನ ಕಾರ್ಯಕ್ರಮಕ್ಕೆ ಅವಳೂ ಗೆಳತಿಯರೂ ಹಾಡನ್ನು ತಮ್ಮದೇ ಧಾಟಿಯಲ್ಲಿ ಕೂರಿಸುತ್ತಿದ್ದರು.

“ಅವ್ವಾ, ಕೇಳಿಲ್ಲೆ. ಎಲ್ಲಾರೂ ಅಣ್ಣಾ ಅಣ್ಣಾ ಅಂತ ಹಾಡ್ಯಾರ, ನಾವು ಹೆಸರನ ಹಾಕೀವಿ. ‘ಕೈ ನಿಂದಿತ್ತೋ ಯಂಕೇಶಾ’ ಅಂತ.”

“ಹೆಸರ ಹಾಕಬ್ಯಾಡ.”

“ಯಾಕ? ತಂಗಿನ್ನ ಕೊಂದಾವಗ ಅಂಜಬೇಕೇನು? ಅವನ ಮನಿಗೆ ಮಂದಿ ಕಲ್ಲು ಹೊಡದಾರ, ಗೊತ್ತೈತೇನು? ಮಗಳ ನಿಶ್ಚಯ ಮುರದೈತಿ. ಆಗಬೇಕಾದ್ದ. ಅಂಥಾವನ್ನ ಗಲ್ಲಿಗೆ ಹಾಕಬೇಕು.”

“ಹಾಕಬ್ಯಾಡ ಅಂದ್ನೆಲ್ಲ!” ಸುನಿತಾ ಚೀರಿದ ರೀತಿಗೆ ಶಾಂಭವಿ ಪೆನ್ನು ಕೆಳಗಿಟ್ಟಳು. ತಾಯಿ ಎಂದೂ ದನಿ ಏರಿಸಿದವಳಲ್ಲ. “ಆರಾಮಿಲ್ಲೇನವ್ವಾ?” ಎಂದು ಹಣೆ ಮುಟ್ಟಿ ನೋಡಿದಳು. ಆ ಕೈ ಬೆಚ್ಚಗಿತ್ತು. ಹೇಳಿಬಿಡಬೇಕೆಂದು ಸುನಿತಾ ಬಾಯಿ ತೆರೆದಳು. “ಊಟಕ್ಕ ಏಳು” ಎಂದಷ್ಟೇ ಬಂತು.

ಮರುದಿನ ಕೆಲಸಕ್ಕೆ ಹೋಗದೆ ಕಿನ್ನಾಳದ ಬಸ್ಸು ಹತ್ತಿದಳು. ಅಂದಪ್ಪಜ್ಜ ಈಗ ಕಿನ್ನಾಳದಲ್ಲಿ ಮಗಳ ಮನೆಯಲ್ಲಿರುವನೆಂದು ಮುಬಾಶಿರಾ ತೋರಿಸಿದ ಯಾವುದೋ ವಿಡಿಯೋದಲ್ಲಿ ಹೇಳಿದ್ದರು. ಮನೆ ಸಿಕ್ಕಿತು. ಅಂಗಳದಲ್ಲಿ ಆಗತಾನೆ ಬಣ್ಣ ಬಳಿದ ಮರದ ಗೊಂಬೆಗಳನ್ನು ಒಣಗಲು ಇಟ್ಟಿದ್ದರು. ಅಜ್ಜ ನೆರಳಿನಲ್ಲಿ ಗೋಡೆಗೆ ಒರಗಿ ಕೂತಿದ್ದ.

“ಯಾರವ್ವಾ?”

“ಮೇಗಳಹಾಳದಾಕಿರಿ, ಅಜ್ಜಾ.”

ಅಜ್ಜ ಬಹಳ ಹೊತ್ತು ಅವಳ ಮುಖ ನೋಡಿದ. ಆಮೇಲೆ ಮನೆಯೊಳಗೆ ಒಮ್ಮೆ ಕಣ್ಣು ಹಾಯಿಸಿ, ಮೆಲ್ಲಗೆ ಕೇಳಿದ: “ದಾವಲಬೀ ಛಲೋ ಅದಾಳೇನು?”

ಸುನಿತಾ ಅಜ್ಜನ ಎದುರು ನೆಲದ ಮೇಲೆ ಕೂತಳು. ಲೋಕದಲ್ಲಿ ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದು ಈ ಮುದುಕನಿಗೆ ಗೊತ್ತಿತ್ತು.

“ಹೋಗಿ ಒಂಬತ್ತು ವರ್ಷ ಆತ್ರಿ.”

“ಛಲೋ ಹೆಣ್ಮಗಳು,” ಎಂದ ಅಜ್ಜ. “ಅವತ್ತ ಮುಂಜಾನೆ ತಾವರಗೇರಾ ಬಸ್‌ಸ್ಟ್ಯಾಂಡಿನ್ಯಾಗ ನಾನೂ ಇದ್ದೆ. ಆಕಿ ಮಗ್ಗಲಕ ನೀ ಬುರ್ಖಾ ಹಾಕ್ಕೊಂಡು ಕುಂತಿದ್ದಿ. ಕಾಲಾಗ ಚಪ್ಪಲಿ ಇರಲಿಲ್ಲ. ಯಾರೋ ಏನೋ ಅಂತ ಸುಮ್ಮನಾದೆ. ಊರಿಗೆ ಬಂದು ನೋಡತೀನಿ, ಬಾವಿ ಕಟ್ಟಿ ಮ್ಯಾಲ ಚಪ್ಪಲಿ! ಪಾತಾಳಗರಡಿ ಕೊಕ್ಕಿ ಇಳಿಬಿಟ್ಟು ಬಾವಿ ಪೂರಾ ಕೆದರಿದ್ರು, ಹೆಣ ಸಿಗಲಿಲ್ಲ. ಅರ್ಧ ಮಂದಿ ಹೂಳಿನ್ಯಾಗ ಸಿಕ್ಕೊಂಡಾಳ ಅಂದ್ರು, ಅರ್ಧ ಮಂದಿ ಓಡಿ ಹೋಗ್ಯಾಳ ಅಂದ್ರು. ನಿಮ್ಮಣ್ಣ ಕುಡಗೋಲು ಹಿಡಕೊಂಡು ಗಾಡಿ ಹತ್ತಾಕ ತಯಾರಾಗಿದ್ದ. ಸಿಕ್ಕಲ್ಲೇ ಕಡೀತೀನಿ ಅಂತಿದ್ದ. ಐದನೇ ದಿನ ನಾ ಕಟ್ಟಿ ಮ್ಯಾಲ ಕುಂತು ಹಾಡು ಹೇಳಿದೆ. ಹೆಣ್ಮಕ್ಳೆಲ್ಲಾ ಅತ್ತರು. ನಿಮ್ಮಣ್ಣನೂ ಅತ್ತ. ಒಮ್ಮೆ ಅತ್ತ ಮ್ಯಾಲ ಯಾರು ಹುಡುಕತಾರವ್ವಾ?”

ಸುನಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ನಿನ್ನೆ ಮೊಮ್ಮಗಳ ಕಡೆಯಿಂದ ಪೊಲೀಸ್ ಸಾಹೇಬ್ರಿಗೆ ಫೋನ್ ಹಚ್ಚಿಸಿದ್ದೆ. ಹಾಡು ನಾನ ಕಟ್ಟಿದ್ದು, ಸುಳ್ಳು ಐತ್ರಿ ಅಂದೆ. ನಿನ್ನ ಹೆಸರ ತಗೀಲಿಲ್ಲ. ಅಜ್ಜಾ, ವಯಸ್ಸಾತು, ಆರಾಮ ಮನಿಯಾಗ ಕುಂದರು ಅಂದ್ರು.”

“ಅವನ್ನ ನೋಡಾಕ ನನಗ ಅಂಜಿಕಿ ಆಗತೈತಿ ಅಜ್ಜಾ. ಇವತ್ತಿಗೂ ಗಂಡಸರು ಜೋರ ಮಾತಾಡಿದ್ರ ಕೈಕಾಲು ನಡಗತಾವ.”

“ಆಗತೈತಿ,” ಎಂದ ಅಜ್ಜ. “ಹೋಗು ಅಂತ ನಾ ಹೇಳೂದಿಲ್ಲ. ಹೋಗಬ್ಯಾಡ ಅಂತನೂ ಹೇಳೂದಿಲ್ಲ. ನನ್ನ ಹಾಡು ನನ್ನ ಕೈ ಮೀರೇತಿ.”

ಗುರುವಾರ ಬೆಳಿಗ್ಗೆ, ಶೆಡ್ಡಿನವರ ಮದುವೆಗೆ ಹೋಗುತ್ತೇನೆಂದು ಶಾಂಭವಿಗೆ ಹೇಳಿ, ಸುನಿತಾ ಕುಷ್ಟಗಿಯ ಬಸ್ಸು ಹತ್ತಿದಳು. ಕುಷ್ಟಗಿಯಲ್ಲಿ ಇಳಿದು ತಾವರಗೇರಾದ ಎರಡು ಬಸ್ಸು ಬಿಟ್ಟಳು. ಮೂರನೆಯದಕ್ಕೆ ಹತ್ತಿದಳು. ತಾವರಗೇರಾದಿಂದ ಮೇಗಳಹಾಳಕ್ಕೆ ಆಟೋಗಳು ತುಂಬಿ ಹೋಗುತ್ತಿದ್ದವು, ಎಲ್ಲರೂ ಬಾವಿಗೇ. ಪಕ್ಕದಲ್ಲಿ ಕೂತವನ ಮೊಬೈಲಿನಲ್ಲಿ ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬೆವರುತ್ತ ಕೂತಳು. ಇಳಿದು ಹಿಂದಕ್ಕೆ ಹೋಗಿಬಿಡಬೇಕೆಂದು ಪ್ರತಿ ತಿರುವಿನಲ್ಲೂ ಅನ್ನಿಸಿತು. ತಾನು ಹಿಂದಿರುಗಿದರೂ ಬಾವಿಯಲ್ಲಿ ಏನೂ ಸಿಗುವುದಿಲ್ಲ, ಅಣ್ಣನನ್ನು ಪೊಲೀಸರು ತಾವಾಗಿಯೇ ಬಿಟ್ಟುಬಿಡುತ್ತಾರೆ. ಆದರೆ ಹಾಡು ಬಿಡುತ್ತದೆಯೇ? ಎಲುಬು ಸಿಗದಿದ್ದರೆ ಅವನೇ ತೆಗೆದು ಬಿಸಾಕಿದ ಎಂದು ಇನ್ನೊಬ್ಬ ಹಾಡುತ್ತಾನೆ. ಅವನ ಮಗಳ ಮದುವೆ ಮತ್ತೆ ಕೂಡುವುದಿಲ್ಲ.

ಬಾವಿಯ ಸುತ್ತ ನೂರಾರು ಜನ. ಎರಡು ದೊಡ್ಡ ಪಂಪುಗಳು ನಿನ್ನೆಯಿಂದ ನೀರು ಎತ್ತುತ್ತಿದ್ದವು. ನೀರು ಪಕ್ಕದ ಶೇಂಗಾ ಹೊಲಕ್ಕೆ ನುಗ್ಗಿ ಹರಿಯುತ್ತಿತ್ತು. ಕಟ್ಟೆಯ ಹತ್ತಿರ ಸಬ್ ಇನ್‌ಸ್ಪೆಕ್ಟರರ ಪಕ್ಕ ಒಬ್ಬ ಗಂಡಸು ಕೈಕಟ್ಟಿ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು, ಭುಜ ಇಳಿದಿದ್ದವು. ಮೊದಲು ಗುರುತು ಸಿಗಲಿಲ್ಲ. ಅವನು ಕೆಮ್ಮಿದ. ಆ ಕೆಮ್ಮು ಯಂಕೇಶನದೇ.

ಜನರ ನಡುವೆ ದಾರಿ ಮಾಡಿಕೊಂಡು ಅವಳು ಮುಂದೆ ಹೋದಳು. ಹೇಗೆ ಹೋದಳೋ ಅವಳಿಗೇ ತಿಳಿಯದು. ಪೇದೆಯೊಬ್ಬ ತಡೆದ. “ಸಾಹೇಬ್ರ ಹತ್ರ ಮಾತಾಡಬೇಕ್ರಿ,” ಎಂದಳು. ಪಂಪಿನ ಸದ್ದಿನಲ್ಲಿ ಕೇಳಿಸಲಿಲ್ಲ. ಮತ್ತೆ ಹೇಳಿದಳು. ಸಬ್ ಇನ್‌ಸ್ಪೆಕ್ಟರ್ ತಿರುಗಿದರು.

“ನಾನು ಮಾರೆವ್ವರೀ.”

“ಏನು?”

“ಈ ಬಾವ್ಯಾಗ ಬಿದ್ದಾಳ ಅಂತಾರಲ್ರಿ, ಆಕಿ ನಾನು. ನಾ ಸತ್ತಿಲ್ಲ. ನನ್ನ ಯಾರೂ ನೂಕಿಲ್ಲ.”

ಹತ್ತಿರ ನಿಂತವರು ನಕ್ಕರು. ಹೊಸ ಹಾಡು ಹರಡಿದ ಈ ಮೂರು ವಾರದಲ್ಲಿ ತಾನೇ ಮಾರೆವ್ವ, ಮೈಮೇಲೆ ಬಂದಿದ್ದೇನೆ ಎಂದು ಇಬ್ಬರು ಹೆಂಗಸರು ಬಂದು ಹೋಗಿದ್ದರು. ಸಬ್ ಇನ್‌ಸ್ಪೆಕ್ಟರ್ ಬೇಸರದಿಂದ ಯಂಕೇಶನ ಕಡೆ ನೋಡಿ ಕೇಳಿದರು: “ಏನಪಾ, ಇಕಿ ನಿನ್ನ ತಂಗಿ ಏನು?”

ಯಂಕೇಶ ಅವಳನ್ನು ನೋಡಿದ. ಆಮೇಲೆ ಜನರ ಕಡೆ ನೋಡಿದ. ಸುತ್ತ ಊರಿನವರೆಲ್ಲ ಇದ್ದರು.

“ಅಲ್ರೀ,” ಎಂದ. “ನನ್ನ ತಂಗಿ ಸತ್ತಾಳ್ರಿ. ಮರ್ಯಾದಿಯಿಂದ ಸತ್ತಾಳ. ಇಕಿ ಯಾವಾಕಿನೋ ನನಗ ಗೊತ್ತಿಲ್ಲ.”

ಜೈಲಿಗೆ ಹೋಗಲು ಸಿದ್ಧ, ಆದರೆ ಓಡಿಹೋದ ತಂಗಿಯ ಅಣ್ಣನಾಗಲು ಅವನು ಸಿದ್ಧನಿರಲಿಲ್ಲ. ಪೇದೆ ಅವಳ ತೋಳಿಗೆ ಕೈ ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗಿ ಜನರನ್ನು ಸರಿಸಿ ಬಂದಳು. ಇಪ್ಪತ್ತರ ಆಸುಪಾಸು, ಎರಡು ರಾತ್ರಿ ನಿದ್ದೆ ಇಲ್ಲದ ಮುಖ.

“ಅಪ್ಪಾ, ಯಾರ ಇವರು? ಏನ ಅಂತಾರ?”

ಯಂಕೇಶ ಕೆರಳಿ ಮಗಳ ಮೇಲೆ ಕೈ ಎತ್ತಿ ಒದರಿದ. “ಮಾರೆವ್ವಾ! ಮನಿಗಿ ನಡಿ!”

ತಂಗಿಯ ಹೆಸರನ್ನೇ ಅವನು ಮಗಳಿಗೂ ಇಟ್ಟಿದ್ದ. ಹುಡುಗಿ ಅಲುಗಲಿಲ್ಲ. ಆದರೆ ಸುನಿತಾ, ಪೇದೆಯ ಕೈ ಕೊಡವಿಕೊಂಡು, ತಲೆ ತಗ್ಗಿಸಿ, ಎರಡು ತೋಳನ್ನೂ ಮುಖಕ್ಕೆ ಅಡ್ಡ ಹಿಡಿದು, ಊರಿನ ದಾರಿಯ ಕಡೆ ನಾಲ್ಕು ಹೆಜ್ಜೆ ಓಡಿಬಿಟ್ಟಿದ್ದಳು. ಐದನೆಯ ಹೆಜ್ಜೆಗೆ ಎಚ್ಚರವಾಗಿ ನಿಂತಳು.

ಯಾರೂ ನಗಲಿಲ್ಲ. ಯಂಕೇಶನ ಎತ್ತಿದ ಕೈ ಅಲ್ಲೇ ಇತ್ತು, ಆಮೇಲೆ ಕೆಳಗಿಳಿಯಿತು. ಅವನು ಕಟ್ಟೆಯ ಮೇಲೆ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಸಬ್ ಇನ್‌ಸ್ಪೆಕ್ಟರ್ ಸುನಿತಾಳ ಮುಖವನ್ನೂ ಹುಡುಗಿಯ ಮುಖವನ್ನೂ ಒಂದರ ನಂತರ ಒಂದು ನೋಡಿದರು. ಅದೇ ಗದ್ದ, ಅದೇ ಅಗಲ ಹಣೆ.

“ಮೋಟಾರು ಬಂದ್ ಮಾಡ್ರಿ,” ಎಂದರು.

ಹುಡುಗಿ ಹತ್ತಿರ ಬಂದಳು. “ಅತ್ತೀ ಏನು?” ಎಂದು ಕೇಳಿದಳು. ಸುನಿತಾ ತಲೆಯಾಡಿಸಿದಳು. ಸುತ್ತಲೂ ಮೊಬೈಲುಗಳು ಮೇಲೆದ್ದಿದ್ದವು, ಅವಳ ಮುಖದ ಕಡೆಗೆ. ಸಂಜೆಯೊಳಗೆ, ಸಂಜೆ ಏನು, ಇನ್ನೊಂದು ತಾಸಿನೊಳಗೆ ಈ ಮುಖ ಭಾಗ್ಯನಗರ ಮುಟ್ಟುತ್ತದೆ.

“ಸಾಹೇಬ್ರ, ಹೇಳಿಕಿ ಆಮ್ಯಾಲ ಕೊಡತೀನ್ರಿ. ಮೊದಲ ನನ್ನ ಮಗಳಿಗೆ ಫೋನ್ ಮಾಡಬೇಕು.”

ಅವರು ಕೈಸನ್ನೆಯಲ್ಲಿ ಆಗಲಿ ಎಂದರು. ಅವಳು ಕಟ್ಟೆಯ ಇನ್ನೊಂದು ಬದಿಗೆ ಹೋಗಿ, ಅಣ್ಣನಿಗೆ ಬೆನ್ನು ಕೊಡದಂತೆ ನಿಂತು, ನಂಬರು ಒತ್ತಿದಳು.

“ಅವ್ವಾ, ಮದುವಿ ಆತೇನು?” ಎಂದಳು ಶಾಂಭವಿ.

“ಶಾಂಭವೀ, ಎಲ್ಲಿದ್ದಿ? ಒಬ್ಬಾಕಿನ ಇದ್ದೀಯೇನು? ಕುಂದರು. ನಾ ಹೇಳೂದು ಪೂರಾ ಕೇಳು, ನಡುವ ಫೋನ್ ಇಡಬ್ಯಾಡ.”

ಸುನಿತಾ ಮಾತು ಹುಡುಕುತ್ತ ಬಾವಿಯೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಮೊಣಕಾಲುದ್ದ ನೀರು ಮಾತ್ರ ಉಳಿದಿತ್ತು. ಅದರಲ್ಲಿ ಹತ್ತಾರು ಮೀನುಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಪಂಪು ನಿಂತ ಮೇಲೆ ಕಲ್ಲಿನ ಸಂದುಗಳಿಂದ ಸೆಲೆ ಜಿನುಗುವುದು ಕೇಳಿಸತೊಡಗಿತು. ಅವಳು ಮಾತಾಡುತ್ತ ಹೋದಂತೆ ಅಂಚಿನಲ್ಲಿದ್ದ ಒಂದು ಮೀನು ಬಾಲ ಬಡಿದು, ಕೆಸರು ಬಿಟ್ಟು, ಸ್ವಲ್ಪ ಆಳವಿದ್ದ ಕಡೆಗೆ ಜಾರಿತು.