ಮಾರಯ್ಯನ ಎಡೆಗೆ ಕೂತವಳು

ಎಂಬತ್ತೊಂದನೇ ಇಸವಿ. ಇಟ್ಟಮಡುವಿನ ತಿಮ್ಮಕ್ಕನ ಮನೆಗೆ ಡೆನ್ಮಾರ್ಕ್ ದೇಶದ ಹುಡುಗಿ ಲೀಸಾ ಬಂದು ಮೂರು ತಿಂಗಳಾಗಿತ್ತು. ತಿಮ್ಮಕ್ಕನ ಮಗ ಜಯನಗರದ ಒಂದು ಕಾಲೇಜಿನಲ್ಲಿ ಜವಾನ. ಓದೋಕೆ ಬಂದ ಹುಡುಗಿ ಒಂದು ವರ್ಷ ಯಾರದಾದರೂ ಮನೆಯಲ್ಲಿ ಮಗಳ ಹಾಗೆ ಇರಬೇಕಂತೆ ಅಂತ ಪ್ರಿನ್ಸಿಪಾಲರು ಕೇಳಿದ್ದಕ್ಕೆ, ಇವನು ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟಿದ್ದ.

ಬಂದ ದಿನವೇ ಅವಳು ತಿಮ್ಮಕ್ಕನ ಮೈದುನ ಬೋರಣ್ಣನನ್ನು ತಬ್ಬಿಕೊಂಡಳು. ಅರವತ್ತು ವರ್ಷದ ಗಂಡಸು, ಮೈಮೇಲೆ ಬರೀ ಒಂದು ಟವೆಲ್ಲು. ಹೌಹಾರಿ ಹಿತ್ತಲಿಗೆ ಓಡಿ ನಾಲ್ಕು ಕೊಡ ನೀರು ಸುರಿದುಕೊಂಡ. ಅವಳಿಗೆ ನೀರು ಕೊಟ್ಟರೆ ಥ್ಯಾಂಕ್ಸ್, ಲೋಟ ಎತ್ತಿಟ್ಟರೂ ಥ್ಯಾಂಕ್ಸ್. ಮೂಗು ಸೀದಿ, ಆ ಬಟ್ಟೇನ ಮಡಿಸಿ ಜೇಬಿಗೇ ಇಟ್ಟುಕೊಳ್ಳೋಳು!

ಅವಳಿಗೂ ಇವರನ್ನು ಕಂಡು ಅಷ್ಟೇ ದಿಗಿಲು. "ಅಜ್ಜಿ, ನಿಮ್ಮ ಮನೇಲಿ ಯಾರೂ ಬಾಗಿಲು ತಟ್ಟೋದೇ ಇಲ್ಲ. ನಾನು ಬಟ್ಟೆ ಬದಲಾಯಿಸ್ತಿದ್ರೂ ಬರ್ತಾರೆ!" ಅಂತ ಹೊಸದಾಗಿ ಕಲಿತ ಕನ್ನಡದಲ್ಲಿ ಅನ್ನೋಳು. ತಟ್ಟಿ ಬರೋಕೆ ಇದೇನು ಪರರ ಮನೆಯಾ? ತಿಮ್ಮಕ್ಕನಿಗೆ ಅರ್ಥವೇ ಆಗ್ತಿರಲಿಲ್ಲ.

ಅಷ್ಟರಲ್ಲಿ ಮಾರ್ನಾಮಿ ಅಮಾವಾಸ್ಯೆ ಬಂತು, ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ತಿಮ್ಮಕ್ಕನ ಗಂಡ ಮಾರಯ್ಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಸಪ್ಪೆ ಗಂಜಿ ಕುಡಿದು ಸತ್ತಿದ್ದ. "ಒಂದು ಹರಳು ಉಪ್ಪು ಹಾಕೇ" ಅಂತ ಕೈ ಹಿಡಿದು ಕೇಳಿದ್ದ. ಡಾಕ್ಟರಿಗೆ ಹೆದರಿ ಅವಳು ಹಾಕಿರಲಿಲ್ಲ. ವರ್ಷಕ್ಕೆ ಈ ಒಂದು ದಿನವಾದರೂ ಅವನು ಬಾಯಿ ರುಚಿಯಾಗಿ, ಹೊಟ್ಟೆತುಂಬ ಉಂಡು ಹೋಗಲಿ ಅನ್ನೋದೇ ಮೂರು ವರ್ಷದಿಂದ ಅವಳ ಆಸೆ.

ಕುರಿ ಮಾಂಸದ ಸಾರು, ಅನ್ನ, ವಡೆ, ಕಜ್ಜಾಯ ಆದವು. ಎಡೆಯ ಅಡುಗೇನ ಮಾಡೋರು ರುಚಿ ನೋಡೋ ಹಾಗಿಲ್ಲ. ಮೊದಲ ತುತ್ತು ಸತ್ತವರದು. ನಡುಮನೆಯಲ್ಲಿ ಎಲೆ ಹಾಸಿ ಬಡಿಸಿ, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡರು. ಹಿರಿಯರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಅವರು ಏಳಲಿ ಅಂತ ಬಾಗಿಲು ತಟ್ಟಿ ಒಳಗೆ ಹೋಗೋದು ಆ ಮನೆಯ ಪದ್ಧತಿ.

ರಜೆ ಸಿಗದ ಮಗನ ಬದಲು ಬೋರಣ್ಣ ಕೆಮ್ಮಿ, ಮೂರು ಸಲ ತಟ್ಟಿದ.

"ಬನ್ನಿ!" ಅಂತು ಒಳಗಿಂದ, ಬಾಯಿತುಂಬಿದ ಒಂದು ದನಿ.

"ಅಯ್ಯೋ ಮಾವ!" ಅಂತ ಸೊಸೆ ಅಂಜನಮ್ಮ ಜಗಲಿ ಮೇಲೆ ಕುಸಿದಳು. ಬೋರಣ್ಣನ ಕೈ ಬಾಗಿಲಿಗೇ ಅಂಟಿಕೊಂಡಿತು. ತಿಮ್ಮಕ್ಕನೇ ಬಾಗಿಲು ದೂಡಿದಳು. ಮೊದಲು ಕಂಡಿದ್ದು ಎಲೆ. ಖಾಲಿ! ಉಂಡಿದ್ದಾನೆ! ಒಂದು ಉಸಿರಿನಷ್ಟು ಹೊತ್ತು ಅವಳ ಕಾಲು ನೆಲದ ಮೇಲಿರಲಿಲ್ಲ.

ಎಲೆಯ ಹಿಂದೆ ಲೀಸಾ ಕೂತು ಮೂಳೆ ಚೀಪುತ್ತಿದ್ದಳು.

"ತಟ್ಟಿದ್ರಿ! ಇವತ್ತು ತಟ್ಟಿ ಬಂದ್ರಿ!" ಅಂತ ಅವಳಿಗೆ ಖುಷಿಯೋ ಖುಷಿ. ಹಿತ್ತಲಲ್ಲಿ ಸೈಕಲ್ ನಿಲ್ಲಿಸಿ ಹಿಂಬಾಗಿಲಿಂದ ಬಂದಿದ್ದಾಳೆ. "ಹಬ್ಬ, ಬೇಗ ಬಾ, ಎಲೆ ಹಾಕ್ತೀವಿ" ಅಂತ ಬೆಳಗ್ಗೆ ಅಂಜನಮ್ಮನೇ ಹೇಳಿದ್ದಳು. ಬಡಿಸಿದ್ದು ಆರಿಹೋದರೆ, ತಟ್ಟೆಯಲ್ಲಿ ಬಿಟ್ಟರೆ, ಅವಳ ಊರಲ್ಲಿ ಅಡುಗೆ ಮಾಡಿದವರಿಗೆ ಅವಮಾನವಂತೆ.

"ಸತ್ತೋರ ಎಡೆ ಎಂಜಲು ಮಾಡ್ಬಿಟ್ಳಲ್ಲ!" ಬೋರಣ್ಣ ಅರಚಿದ. "ನಮ್ಮಣ್ಣ ಹಸ್ಕೊಂಡು ವಾಪಸ್ ಹೋದ. ಅತ್ತಿಗೆ, ಇವತ್ತೇ ಇವಳ ಗಂಟುಮೂಟೆ ಕಟ್ಟಿಸಿ!"

ಅದು ಯಾರ ಊಟ ಅಂತ ಅಂಜನಮ್ಮ ತೊದಲುತ್ತಾ ಬಿಡಿಸಿ ಹೇಳಿದಳು. ಲೀಸಾ ಕೈಯಲ್ಲಿದ್ದ ಮೂಳೇನ ಎಲ್ಲಿ ಇಡಬೇಕೋ ತಿಳಿಯದೆ ಹಿಡಿದುಕೊಂಡೇ ಕೂತಳು.

ತಿಮ್ಮಕ್ಕ ಅವಳ ಎದುರಿಗೆ ಕೂತಳು. "ಮೂರು ವರ್ಷದಿಂದ ಕೇಳೋಣ ಅಂದ್ರೆ ಉಂಡೋರು ಸಿಕ್ಕಿರಲಿಲ್ಲ. ಹೇಳು ಮಗ, ಹೆಂಗಿತ್ತು ಸಾರು?"

"ಚೆನ್ನಾಗಿತ್ತು ಅಜ್ಜಿ."

"ನಿಜ ಹೇಳು."

ಲೀಸಾ ತಲೆ ತಗ್ಗಿಸಿದಳು. "ಉಪ್ಪು ಇಲ್ಲ."

ಬೋರಣ್ಣ ಬಗ್ಗಿ, ಎಲೆಯ ಮೂಲೆಯಲ್ಲಿ ಉಳಿದಿದ್ದ ಒಂದು ತೊಟ್ಟು ಸಾರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಅವಳ ಎಂಜಲು ನೆಕ್ಕಿದ್ದು ಅವನಿಗೇ ಗೊತ್ತಾಗಲಿಲ್ಲ. "ಸಪ್ಪೆ, ಅತ್ತಿಗೆ. ಒಂದು ಹರಳೂ ಬಿದ್ದಿಲ್ಲ."

"ನೀವು ಹಾಕಿದ್ದೀರಿ ಅಂದ್ಕೊಂಡೆ ಅತ್ತೆ..."

"ನೀನು ಹಾಕಿದ್ದೀಯ ಅಂತ ನಾನು."

ತಿಮ್ಮಕ್ಕ ಎರಡು ಕೈಯಲ್ಲೂ ನೆಲ ಹಿಡಿದುಕೊಂಡಳು. ಈ ಹುಡುಗಿ ಕೂತಿರದಿದ್ದರೆ ಇವತ್ತೂ ಅವನಿಗೆ ಸಪ್ಪೆಯೇ. ಬಾಯಿಬಿಟ್ಟು ಹೇಳೋಕೂ ಆಗದೆ ಎದ್ದು ಹೋಗ್ತಿದ್ದ.

"ಇವಳು ಎಲ್ಲಿಗೂ ಹೋಗಲ್ಲ," ಅಂದಳು. "ಬೋರಣ್ಣ, ಇನ್ನೊಂದು ಎಲೆ ಕೊಯ್ದುಕೊಂಡು ಬಾ."

ಬೋರಣ್ಣ ಕುಡುಗೋಲು ಹಿಡಿದು ಹಿತ್ತಲಿಗೆ ನಡೆದ. ಒಲೆ ಮೇಲಿನ ಸಾರಿಗೆ ತಿಮ್ಮಕ್ಕ ತನ್ನ ಕೈಯಾರೆ ಉಪ್ಪು ಹಾಕಿ ಕುದಿಸಿದಳು. ನೆಲ ಸಾರಿಸಿ, ಹೊಸ ಎಲೆಗೆ ಬಡಿಸಿ, ಈ ಸಲ ಎರಡೂ ಬಾಗಿಲು ಮುಚ್ಚಿದರು. ಲೀಸಾ ಕೈ ತೊಳೆದು ಬಂದು ಜಗಲಿಯಲ್ಲಿ ಇವರ ಸಾಲಿಗೇ ನಿಂತಳು.

"ಅಜ್ಜಿ, ಎಷ್ಟು ಹೊತ್ತು?" ಅಂತ ಪಿಸುಗುಟ್ಟಿದಳು.

"ಅವರು ನಿಧಾನಕ್ಕೆ ಉಣ್ಣೋ ಆಳು," ಅಂದಳು ತಿಮ್ಮಕ್ಕ. "ಸುಮ್ನೆ ನಿಂತ್ಕೋ."