ಬಾಗಿಲು ಹಾಕಿತ್ತು

"ಓಟಿಪಿ ಹೇಳಿ ಸರ್," ಎಂದ ಡೆಲಿವರಿಯವನು, ಹೆಗಲ ಮೇಲಿನ ಪೆಟ್ಟಿಗೆಯನ್ನು ಇನ್ನೂ ಇಳಿಸದೆ.

ಬಾಗಿಲು ತೆರೆದ ಪುಸ್ತಕದ ಬೈಂಡರ್‌ಗೆ ಮೊದಲು ಆ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಬೇಕೆನಿಸಿತು. ಪ್ರೆಸ್ಸಿಗೆ ರಜೆ ಹಾಕಿ ಮೂರು ದಿನದಿಂದ ಅದಕ್ಕಾಗಿ ಕಾದಿದ್ದ. ಬೀದಿಯಲ್ಲಿ ಸ್ಕೂಟರ್ ಸದ್ದಾದಾಗಲೆಲ್ಲ ಕಿಟಕಿಗೆ ಓಡಿದ್ದ, ಸ್ನಾನಕ್ಕೆ ಹೋದಾಗಲೂ ಬಚ್ಚಲ ಬಾಗಿಲನ್ನು ಪೂರ್ತಿ ಮುಚ್ಚಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರೊಳಗೆ ತಲುಪಿಸುತ್ತೇವೆಂದು ಕಂಪನಿಯವರು ದಿನವೂ ಹೇಳುತ್ತಿದ್ದರು. ಮನುಷ್ಯರಿಗೆ ಬೇರೆ ಕೆಲಸವೇ ಇರುವುದಿಲ್ಲ ಎಂದು ಅವರಿಗೆ ಯಾರು ಹೇಳಿದರೋ.

ಪೆಟ್ಟಿಗೆಯಲ್ಲಿದ್ದದ್ದು ಅಮ್ಮನಿಗೆ ಏರ್ ಬೆಡ್. ಸೊಂಟ ಮುರಿದು ಅವಳು ಮಲಗಿ ನಾಲ್ಕು ತಿಂಗಳಾಗಿತ್ತು. ಬೆನ್ನ ಕೆಳಗೆ ಬಟಾಣಿ ಕಾಳಿನಷ್ಟು ಶುರುವಾದ ಹುಣ್ಣು ಈಗ ಅಂಗೈಯಗಲ ಆಗಿತ್ತು. "ಈ ವಾರದಲ್ಲೇ ಗಾಳಿ ಹಾಸಿಗೆ ತರಿಸಿ. ಇಲ್ಲಾಂದ್ರೆ ಮೂಳೆಗೆ ಇಳಿಯತ್ತೆ, ಆಮೇಲೆ ಯಾರೂ ಏನೂ ಮಾಡೋಕಾಗಲ್ಲ," ಎಂದು ನರ್ಸ್ ಹೇಳಿ ಹೋಗಿದ್ದಳು. ಅಂದೇ ಅಂಗಡಿಗೆ ಹೊರಟವನನ್ನು ಅಕ್ಕ ತಡೆದಿದ್ದಳು. "ಅಮ್ಮನಿಗೆ ನಾನೂ ಏನಾದ್ರೂ ಮಾಡ್ಬೇಡ್ವೇನೋ? ಒಳ್ಳೇದು ನೋಡಿ ನಾನೇ ಕಳಿಸ್ತೀನಿ." ಕಳಿಸುವಾಗ ಕೊಟ್ಟದ್ದು ತನ್ನದೇ ಫೋನ್ ನಂಬರು. "ನಿನ್ನ ನಂಬರ್ ಕೊಟ್ರೆ ನೀನೆಲ್ಲಿ ಎತ್ತುತ್ತೀಯ? ಯಾವಾಗ ನೋಡಿದ್ರೂ ಕೈಯೆಲ್ಲ ಗೋಂದು." ಅದೇನೂ ಸುಳ್ಳಲ್ಲ. ಪುಸ್ತಕಕ್ಕೆ ರಟ್ಟು ಅಂಟಿಸುತ್ತಿರುವವನು ಫೋನ್ ಎತ್ತಿದರೆ ಫೋನೂ ಪುಸ್ತಕದ ಜೊತೆಗೇ ಅಂಟಿಕೊಳ್ಳುತ್ತದೆ.

ಓಟಿಪಿ ಬಂದಿದ್ದ ಅಕ್ಕನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ನಾಲ್ಕನೆಯ ಸಲಕ್ಕೆ ಅವನಿಗೆ ನೆನಪಾಯಿತು, ಅವಳ ಸ್ಕೂಲಿನಲ್ಲಿ ಇವತ್ತಿನಿಂದ ಪರೀಕ್ಷೆ. ಟೀಚರುಗಳ ಫೋನನ್ನೆಲ್ಲ ಹೆಡ್‌ಮಾಸ್ಟರ್ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಸ್ಕೂಲಿನ ಆಫೀಸಿಗೇ ಮಾಡಿದ. "ಮೂರು ಗಂಟೆ ತನಕ ಹಾಲ್‌ನಿಂದ ಯಾರನ್ನೂ ಕರೆಯೋ ಹಾಗಿಲ್ಲ," ಎಂದು ಗುಮಾಸ್ತ ಫೋನ್ ಇಟ್ಟುಬಿಟ್ಟ. ಗಡಿಯಾರದಲ್ಲಿ ಹನ್ನೆರಡೂಕಾಲು.

"ನೋಡಪ್ಪ, ಒಳಗೆ ಬಂದು ನೋಡು. ಇದು ಇವರಿಗೇ," ಎಂದು ಬೈಂಡರ್ ಪಕ್ಕಕ್ಕೆ ಸರಿದ. ಮುಂದಿನ ಕೋಣೆಯಲ್ಲೇ ಅಮ್ಮನ ಮಂಚ. ಅಮ್ಮ ಕತ್ತು ತಿರುಗಿಸಿ, ಬಂದವರು ನೆಂಟರೇನೋ ಎಂಬಂತೆ ನಕ್ಕಳು.

ಡೆಲಿವರಿಯವನು ಕಣ್ಣು ತಗ್ಗಿಸಿದ. "ಗೊತ್ತಾಗತ್ತೆ ಸರ್. ಆದ್ರೆ ಓಟಿಪಿ ಹಾಕದೆ ಆ್ಯಪ್ ಮುಂದಕ್ಕೇ ಹೋಗಲ್ಲ. ಸುಮ್ನೆ ಕೊಟ್ಟು ಹೋದ್ರೆ ಪೂರ್ತಿ ನನ್ನ ತಲೆಗೆ ಬರತ್ತೆ." ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಹತ್ತು ನಿಮಿಷ ಕಾದ. ಪಾಪ, ಅಷ್ಟು ಕಾಯುವ ಅಗತ್ಯವೂ ಅವನಿಗಿರಲಿಲ್ಲ. ಕೊನೆಗೆ ಫೋನನ್ನು ಬೈಂಡರ್‌ನ ಮುಂದೆ ಹಿಡಿದ. "ಏನಂತ ಒತ್ತಲಿ ಸರ್? ಇರೋದೇ ಎರಡು. 'ಗ್ರಾಹಕರು ಬೇಡ ಎಂದರು', 'ಬಾಗಿಲು ಹಾಕಿತ್ತು'. ಬೇಡ ಅಂತ ಒತ್ತಿದ್ರೆ ವಾಪಸ್ ಕಂಪನಿಗೇ ಹೋಗತ್ತೆ. ಬಾಗಿಲು ಹಾಕಿತ್ತು ಅಂದ್ರೆ ಸೋಮವಾರ ಇನ್ನೊಂದು ಸಲ ಬರತ್ತೆ."

ಹಾರುಹೊಡೆದ ಬಾಗಿಲಲ್ಲಿ ನಿಂತು ಬೈಂಡರ್ ಹೇಳಿದ, "ಬಾಗಿಲು ಹಾಕಿತ್ತು ಅಂತ್ಲೇ ಒತ್ತು."

ಪೆಟ್ಟಿಗೆ ಮತ್ತೆ ಹೆಗಲೇರಿತು. ಅದು ಬೀದಿಯ ತಿರುವು ದಾಟುವವರೆಗೂ ಅವನು ನೋಡುತ್ತಿದ್ದ. ಅವತ್ತು ಇನ್ನೂ ಶುಕ್ರವಾರ.

ಅಕ್ಕನ ಫೋನ್ ಬಂದಾಗ ಮೂರೂಕಾಲು. ಅಮ್ಮನ ಹುಣ್ಣಿಗೆ ಔಷಧಿ ಹಚ್ಚುತ್ತಿದ್ದವನು ಕಿರುಬೆರಳಿನಿಂದ ಸ್ಪೀಕರ್ ಒತ್ತಿದ.

"ಎಲ್ಲಿ ಹಾಳಾಗಿ ಹೋಗಿದ್ದೆ? ಬಾಗಿಲು ಹಾಕಿತ್ತು ಅಂತ ಮೆಸೇಜ್ ಬಂದಿದೆ! ಅಮ್ಮನ್ನ ಒಬ್ಬಳನ್ನೇ ಒಳಗೆ ಹಾಕಿ ಬೀಗ ಜಡಿದು ಹೋಗ್ತೀಯಲ್ಲ, ನಿನಗೆ ಮನುಷ್ಯತ್ವ ಇದೆಯೇನೋ?"

"ಅಕ್ಕ, ನಾನು ಮನೇಲೇ ಇದ್ದೆ. ಓಟಿಪಿ ನಿನ್ನ..."

"ಮನೇಲಿದ್ದಿದ್ರೆ ಅವರ್ಯಾಕೆ ಹಾಗೆ ಹಾಕ್ತಿದ್ರು? ನನ್ನ ಹತ್ರ ಕತೆ ಕಟ್ಟಬೇಡ. ಅಮ್ಮನಿಗೆ ಕೊಡು."

ಕೊಡು ಎಂದದ್ದೇ ಒಳ್ಳೆಯದಾಯಿತು ಎನಿಸಿತು ಅವನಿಗೆ. ಅಮ್ಮ ಎಲ್ಲವನ್ನೂ ಕಣ್ಣಾರೆ ಕಂಡವಳು. ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ಅಮ್ಮ, ಇವನು ಎಲ್ಲಿಗೆ ಹೋಗಿದ್ದ?"

ಅಮ್ಮ ಮಗನ ಮುಖವನ್ನೊಮ್ಮೆ ನೋಡಿದಳು. "ಇಲ್ಲೇ ಎಲ್ಲೋ ಹೋಗಿದ್ದ ಕಣೆ, ಒಂದು ಹತ್ತು ನಿಮಿಷ. ಹೋಗ್ಲಿ ಬಿಡು, ಬಯ್ಯಬೇಡ. ನೀನು ಪಾಪ ಅಷ್ಟು ಆಸೆಯಿಂದ ಕಳಿಸಿದ್ದೆ."

ಅಕ್ಕನ ಬೈಗುಳ ಇನ್ನೂ ಸ್ವಲ್ಪ ಹೊತ್ತು ನಡೆಯಿತು. ಫೋನ್ ನಿಂತ ಮೇಲೆ ಬೈಂಡರ್ ಕೇಳಿದ, "ಯಾಕಮ್ಮ ಹಾಗಂದೆ?"

"ತನ್ನಿಂದ್ಲೇ ಆಗಿದ್ದು ಅಂತ ಗೊತ್ತಾದ್ರೆ ಅವಳು ಊಟ ನಿದ್ದೆ ಬಿಟ್ಟು ಅಳ್ತಾಳೆ ಕಣೋ," ಎಂದಳು ಅಮ್ಮ. "ನಿನಗಾದ್ರೆ ಏನೂ ಅನ್ಸಲ್ಲ."

ಅವನಿಗೆ ಅನಿಸಿತು. ಕೈಯಲ್ಲಿದ್ದ ಔಷಧಿಯ ಟ್ಯೂಬನ್ನು ಗೋಡೆಗೆ ಎಸೆಯಬೇಕೆನ್ನುವಷ್ಟು ಅನಿಸಿತು. ಎಸೆಯದೆ ಅದರ ಮುಚ್ಚಳ ತಿರುಗಿಸಿ ಕಪಾಟಿನಲ್ಲಿಟ್ಟು ಬಂದ.

ನಾಲ್ಕು ಗಂಟೆಗೆ ಮಗ್ಗುಲು ಬದಲಿಸಬೇಕಿತ್ತು. ಅಮ್ಮನನ್ನು ಗೋಡೆಯ ಕಡೆಗೆ ಹೊರಳಿಸಿದ. ಬೆನ್ನಿಗೆ ಆನಿಸುವ ದಿಂಬನ್ನು ಒಗೆದು ಹಾಕಿದ್ದು ಇನ್ನೂ ಒಣಗಿರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕುಳಿತು, ಅವಳು ಹಿಂದಕ್ಕೆ ಜಾರದಂತೆ ಹುಣ್ಣಿಗೆ ತಾಗದ ಹಾಗೆ ಬೆನ್ನಿನ ಮೇಲ್ಭಾಗಕ್ಕೆ ಅಂಗೈ ಒತ್ತಿ ಹಿಡಿದ.

"ಕೈ ನೋಯಲ್ವೇನೋ?" ಅಮ್ಮ ಗೋಡೆಗೆ ಕೇಳಿದಳು.

"ಇಲ್ಲ," ಎಂದ.

ಅಮ್ಮ ಅದನ್ನು ನಂಬಿ ಕಣ್ಣು ಮುಚ್ಚಿದಳು.