ಗೆರೆ ತಾಗದ ಹಾಗೆ

"ತಡೀರಿ, ತಡೀರಿ! ತಲೆ ಕಡೆಯವರು ಒಂದು ಮೆಟ್ಟಿಲು ವಾಪಸ್ ಹತ್ತಿ!" ಎಂದು ಬಕೆಟ್ ಅಕ್ಕ ಕೆಳಗಿನಿಂದ ಕೂಗಿದಳು.

ಮೂರನೇ ಮಹಡಿಯಿಂದ ಎರಡನೆಯದಕ್ಕೆ ಇಳಿಯುವ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಒಂದು ಮೂಲೆ ಗೋಡೆಗೆ, ಇನ್ನೊಂದು ಮೂಲೆ ಕಂಬಿಗೆ. ಹೊತ್ತವರು ಆರು ಜನ, ಆರೂ ಜನ ಯೂನಿವರ್ಸಿಟಿಯವರು, ಆರು ಜನರದ್ದೂ ಆರು ಬುದ್ಧಿ. ಒಬ್ಬ ಎತ್ತಿ ಅಂದರೆ ಇನ್ನೊಬ್ಬ ಇಳಿಸಿ ಅನ್ನುತ್ತಿದ್ದ. ಪೆಟ್ಟಿಗೆಯೊಳಗೆ ಲಿಫ್ಟಣ್ಣ ಇದ್ದ. ಇಪ್ಪತ್ತಾರು ವರ್ಷ ಯೂನಿವರ್ಸಿಟಿಯ ಮುಖ್ಯ ಕಟ್ಟಡದಲ್ಲಿ ಎಲ್ಲರನ್ನೂ ಲಿಫ್ಟಿನಲ್ಲಿ ಹತ್ತಿಸಿ ಇಳಿಸಿದವನು. ಮನೆ ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ನೆನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟು, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ.

"ನಾನು ಹೇಳಿದ ಹಾಗೆ ಮಾಡಿ," ಎಂದಳು ಬಕೆಟ್ ಅಕ್ಕ. "ಇಪ್ಪತ್ತು ವರ್ಷ ಎರಡು ಕೈಲಿ ಎರಡು ಬಕೆಟ್ ಹಿಡ್ಕೊಂಡು ಇಂಥ ತಿರುವು ತಿರುಗಿದೀನಿ. ಕಾಲಿನ ಕಡೆ ಕಂಬಿಗಿಂತ ಮೇಲೆ ಎತ್ತಿ. ಹಾಂ. ಈಗ ನಿಧಾನಕ್ಕೆ ತಿರುಗಿಸಿ. ನೀರು ತುಳುಕಬಾರ್ದು ಅನ್ನೋ ಹಾಗೆ."

ಪೆಟ್ಟಿಗೆ ತಿರುಗಿತು. ಮುಂದೆ ಬಲಗಡೆ ಹೊತ್ತಿದ್ದ ಜೆರಾಕ್ಸಿನವನ ಹೆಗಲ ಮೇಲೆ ಭಾರವೆಲ್ಲ ಒಮ್ಮೆಲೇ ಬಂದು ಕೂತಿತು. ಆ ಜಾಗದಲ್ಲಿ ನಿಲ್ಲುವ ಮನಸ್ಸು ಅವನಿಗಿರಲಿಲ್ಲ. ಹಿಂದೆ ಎಲ್ಲೋ ಗುಂಪಿನಲ್ಲಿ ಸೇರಿಕೊಂಡರಾಯಿತು ಅಂದುಕೊಂಡೇ ಬಂದಿದ್ದ. ಆದರೆ ಲಿಫ್ಟಣ್ಣನ ಹೆಂಡತಿ ಎಲ್ಲರೆದುರಿಗೆ ಅವನ ಕೈ ಹಿಡಿದು, "ನೀನು ಮುಂದೆ ಹಿಡ್ಕೊ ತಮ್ಮಾ. ಇವರು ಎಲೆಕ್ಷನ್‌ಗೆ ನಿಂತಾಗ ಸೂಚಕ ಅಂತ ಸಹಿ ಹಾಕಿದವನು ನೀನು. ಊರೆಲ್ಲ ಕೈ ಬಿಟ್ಟಾಗ ಜೊತೆಗಿದ್ದೋರು ನೀನು, ಬಕೆಟ್ ಅಕ್ಕ, ಇಬ್ಬರೇ," ಎಂದಿದ್ದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನಿಗೆ ಮುಟ್ಟಿ ನೋಡಿಕೊಳ್ಳುವುದಕ್ಕೂ ಆಗಲಿಲ್ಲ, ಹೆಗಲ ಮೇಲೆ ಪೆಟ್ಟಿಗೆಯಿತ್ತು. ಯಾಕೆಂದರೆ ಸಹಿ ಹಾಕಿದ್ದೇನೋ ನಿಜ, ಮತ ಹಾಕಿರಲಿಲ್ಲ.

*

ಎಲ್ಲ ಶುರುವಾದದ್ದು ಒಂದು ಬೋರ್ಡಿನಿಂದ. ಮೇಲಿನ ಮಹಡಿಗಳ ನಲ್ಲಿಗೆ ನೀರು ಏರುತ್ತಿರಲಿಲ್ಲ. ನೆಲ ಒರೆಸುವ ಅಕ್ಕ ಕೆಳಗಿನಿಂದಲೇ ನೀರು ಹೊರಬೇಕು. ಲಿಫ್ಟಣ್ಣ ಅವಳನ್ನು ಬಕೆಟ್ ಸಮೇತ ಸದ್ದಿಲ್ಲದೆ ಹತ್ತಿಸಿಕೊಳ್ಳುತ್ತಿದ್ದ. ಒಂದು ದಿನ ಯಾರೋ ಅತಿಥಿಯ ಬೂಟಿಗೆ ಎರಡು ಹನಿ ಸಿಡಿಯಿತು. ಮರುದಿನವೇ ಬೋರ್ಡು ಬಂತು: ಲಿಫ್ಟಿನಲ್ಲಿ ಬಕೆಟ್, ಕಸದ ಬುಟ್ಟಿ ನಿಷೇಧ.

ಆಜ್ಞೆ ಮೀರುವ ಜೀವ ಅಲ್ಲ ಲಿಫ್ಟಣ್ಣನದು. ಅಕ್ಕ ಮೆಟ್ಟಿಲು ಹತ್ತಿದಳು, ಲಿಫ್ಟು ಅವಳ ಪಕ್ಕದಲ್ಲೇ ಹಾದುಹೋಯಿತು. "ನಾನು ಕೂತ್ಕೊಂಡು ಹೋಗ್ತೀನಿ, ಅವಳು ಹೊತ್ಕೊಂಡು ಹೋಗ್ತಾಳೆ," ಎಂದ ಜೆರಾಕ್ಸಿನವನಿಗೆ. "ಬಾಗಿಲ ಗಾಜಲ್ಲಿ ದಿನಾ ಕಾಣ್ಸುತ್ತೆ ತಮ್ಮಾ. ಎಲ್ಲಿ ನೋಡ್ಲಿ?"

ನೌಕರರ ಸಂಘದ ಶಾಖಾ ಸಮಿತಿಯಲ್ಲಿ ಅವರ ವರ್ಗಕ್ಕೆ ಇದ್ದದ್ದು ಒಂದೇ ಸ್ಥಾನ. ಹನ್ನೊಂದು ವರ್ಷದಿಂದ ಅದರಲ್ಲಿ ದೊಡ್ಡಣ್ಣ ಕೂತಿದ್ದ. ಆಡಳಿತ ಕಚೇರಿಯ ಹಿರಿಯ ಸಹಾಯಕ. ಎದುರು ಯಾರೂ ನಿಲ್ಲದ ಕಾರಣ ಚುನಾವಣೆ ಅಂದರೆ ಏನೆಂದೇ ಜನ ಮರೆತಿದ್ದರು. ಲಿಫ್ಟಣ್ಣ ಅವನಿಗೆ ಮೂರು ಅರ್ಜಿ ಕೊಟ್ಟ. ಮೂರಕ್ಕೂ "ನೋಡೋಣ" ಅಂತ ಉತ್ತರ ಬಂತು. ದೊಡ್ಡಣ್ಣನ ಬಾಯಲ್ಲಿ ನೋಡೋಣ ಅಂದರೆ ಕಣ್ಣು ಮುಚ್ಚಿಕೊಂಡ ಅಂತಲೇ ಅರ್ಥ. ಕೊನೆಗೆ ಲಿಫ್ಟಣ್ಣ ತಾನೇ ನಾಮಪತ್ರ ತಂದ. ಸೂಚಕ ಜೆರಾಕ್ಸಿನವನು, ಅನುಮೋದಕಿ ಬಕೆಟ್ ಅಕ್ಕ.

ಪ್ರಚಾರವೆಲ್ಲ ಲಿಫ್ಟಿನಲ್ಲೇ ನಡೆಯಿತು. ನೆಲಮಹಡಿಯಿಂದ ನಾಲ್ಕನೆಯದಕ್ಕೆ ಮೂವತ್ತೆಂಟು ಸೆಕೆಂಡು, ಭಾಷಣವೂ ಅಷ್ಟೇ. "ಬಕೆಟ್‌ಗೂ ಲಿಫ್ಟ್ ಬೇಕು, ನಂಗೆ ಬೇರೇನೂ ಬೇಡ. ಎರಡನೇ ಮನೇಲಿ ರೈಟ್ ಗುರುತು ಹಾಕಿ. ಗೆರೆ ತಾಗಬಾರ್ದು, ತಾಗಿದ್ರೆ ಓಟು ಕೆಟ್ಟೋಗುತ್ತೆ." ಬಾಗಿಲು ತೆರೆಯುವ ತನಕ ಯಾರೂ ಎಲ್ಲಿಗೂ ಓಡುವಂತಿರಲಿಲ್ಲ. ಎಲ್ಲರೂ ಹೂಂ ಅಂದರು. ಹೂಂ ಅಂದವರನ್ನು ಅವನು ಬೆರಳು ಮಡಚಿ ಎಣಿಸಿಕೊಂಡ. ನೂರಾ ಹನ್ನೆರಡು ಜನ.

"ಮಾದರಿ ಓಟಿನ ಚೀಟಿ ನಲವತ್ತು ತೆಕ್ಕೊಡು," ಎಂದು ಜೆರಾಕ್ಸ್ ಕೋಣೆಗೆ ಬಂದ. "ಜನಕ್ಕೆ ಕಲಿಸ್ಬೇಕು. ಮುಗಿದ ಮೇಲೆ ಕಾಗದ ವಾಪಸ್ ತಂದ್ಕೊಡ್ತೀನಿ, ಹಿಂದುಗಡೆ ಖಾಲಿ ಇರುತ್ತಲ್ಲ."

ಮತದಾನದ ಹಿಂದಿನ ದಿನ ಅದೇ ಕೋಣೆಗೆ ದೊಡ್ಡಣ್ಣನೂ ಬಂದ. ಬಾಗಿಲಿಗೆ ಒರಗಿ, ಯಂತ್ರದ ಮೇಲೆ ಕೈಯಾಡಿಸಿದ. "ಈ ಕೋಣೆ ಮುಚ್ಚಿ ಹೊರಗಿನವರಿಗೆ ಗುತ್ತಿಗೆ ಕೊಡ್ಬೇಕು ಅಂತ ಮೇಲಿಂದ ಬಂದಿದೆ. ನಾನು ತಡ್ಕೊಂಡು ಕೂತಿದೀನಿ. ಸಹಿ ಹಾಕಿದೀಯ, ಇರ್ಲಿ, ಸ್ನೇಹಕ್ಕೆ ಹಾಕಿದೀಯ. ನಾಳೆ ಒಳಗೆ ಹೋದಾಗ ಬುದ್ಧಿ ಜೊತೇಲಿರ್ಲಿ."

ಮತ ಹಾಕುವ ಮೂಲೆಗೆ ಪರದೆ ಕಟ್ಟಿದ್ದರು. ನೋಡುವವರು ಯಾರೂ ಇರಲಿಲ್ಲ. ಆದರೂ ಜೆರಾಕ್ಸಿನವನ ಕೈ ಮೊದಲನೇ ಮನೆಗೆ ಹೋಯಿತು. ನೂರಾ ಹನ್ನೆರಡು ಜನ ಇದ್ದಾರಲ್ಲ, ನನ್ನದೊಂದು ಯಾವ ಲೆಕ್ಕ ಎಂದುಕೊಂಡು ಚೀಟಿ ಮಡಚಿದ.

*

ಸ್ಮಶಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ದೊಡ್ಡಣ್ಣ ಗುಂಡಿಯ ಅಂಚಿಗೆ ಬಂದು ಗಂಟಲು ಸರಿಮಾಡಿಕೊಂಡ.

"ನಮ್ಮ ಸಂಘದ ಆಧಾರಸ್ತಂಭವೊಂದು ಇಂದು ಉರುಳಿದೆ. ಚುನಾವಣೆಯಲ್ಲಿ ನನ್ನ ಎದುರು ನಿಂತರೂ ನಮ್ಮಿಬ್ಬರ ನಡುವೆ ಒಂದು ದಿನವೂ ಮನಸ್ತಾಪ ಬರಲಿಲ್ಲ..."

"ಸತ್ತ ಎಮ್ಮೆಗೆ ಹತ್ತು ಸೇರು ಹಾಲು," ಎಂದು ಬಕೆಟ್ ಅಕ್ಕ ಗೊಣಗಿದಳು.

ಹಿಂದೆ ನಿಂತವರು ಪಿಸುಗುಡತೊಡಗಿದರು.

"ಪಾಪ, ದೇವರಂಥ ಮನುಷ್ಯ. ನಾನಂತೂ ಅವರಿಗೇ ಹಾಕಿದ್ದೆ," ಎಂದ ಗೇಟಿನ ಕಾವಲುಗಾರ.

"ನಾನೂ ಅವರಿಗೇ," ಎಂದ ತೋಟದವನು.

"ನಮ್ಮನೇಲಿ ಕೇಳಿ ಬೇಕಾದ್ರೆ. ಹಾಕಿ ಬಂದು ಹೇಳಿದ್ದೆ," ಎಂದ ಲ್ಯಾಬಿನವನು.

ಜೆರಾಕ್ಸಿನವನು ನೆಲ ನೋಡುತ್ತ ನಿಂತ. ಲಿಫ್ಟಣ್ಣನಿಗೆ ಒಟ್ಟು ಬಂದದ್ದು ಎರಡು ಮತ. ಈ ಬಿಸಿಲಲ್ಲಿ ಆಗಲೇ ಮೂರು ಜನ ಹಾಕಿದವರು ಸಿಕ್ಕಿದ್ದರು. ಇನ್ನು ಸ್ವಲ್ಪ ಹೊತ್ತು ಮಣ್ಣು ಮಾಡುವುದು ತಡವಾದರೆ ಲಿಫ್ಟಣ್ಣ ಗೆದ್ದೇಬಿಡುತ್ತಿದ್ದನೇನೋ. ಅವರ ಮೇಲೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಲು ತಾನ್ಯಾರು? ಅವರು ಹೂಂ ಅಂದು ಹಾಕದವರು, ತಾನು ಸಹಿ ಹಾಕಿ ಹಾಕದವನು.

"ನೀವಂತೂ ಹಾಕಿರ್ತೀರಿ ಬಿಡಿ, ಸೂಚಕರು," ಎಂದ ಕಾವಲುಗಾರ ಅವನ ಕಡೆ ತಿರುಗಿ.

"ಹೂಂ," ಎಂದ ಜೆರಾಕ್ಸಿನವನು.

*

ಎಣಿಕೆಯ ದಿನ ಸಭಾಂಗಣದಲ್ಲಿ ಚುನಾವಣೆ ನಡೆಸಿದವರು ಮೈಕಿಲ್ಲದೆ ಓದಿದ್ದರು. ಒಟ್ಟು ಮತ ನೂರಾ ನಲವತ್ತು. ದೊಡ್ಡಣ್ಣನಿಗೆ ನೂರಾ ಮೂವತ್ತೆಂಟು. ಲಿಫ್ಟಣ್ಣನಿಗೆ ಎರಡು. ತಿರಸ್ಕೃತವಾದದ್ದು ಒಂದೂ ಇಲ್ಲ.

ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಅಯ್ಯೋ, ನೀವೇ ಮೂರು ಜನ ಇದ್ರಲ್ಲ ಲಿಫ್ಟಣ್ಣಾ! ಒಂದು ಯಾವ ಮಹಡೀಲಿ ಇಳಿದುಹೋಯ್ತು?" ಎಂದ. ಸಭೆಗೆ ಸಭೆಯೇ ನಕ್ಕಿತು.

ಜೆರಾಕ್ಸಿನವನ ಕಿವಿ ಕಾದ ಕಾವಲಿಯಾಯಿತು.

ಲಿಫ್ಟಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. "ಅದು ನಂದೇ ಕಣ್ರೀ. ನನಗೆ ನಾನೇ ಹಾಕ್ಕೊಳ್ಳೋದು ಚೆನ್ನಾಗಿರಲ್ಲ ಅನ್ನಿಸ್ತು. ದೊಡ್ಡಣ್ಣಂಗೆ ಹಾಕ್ಬಿಟ್ಟೆ. ಇವರಿಬ್ಬರು ಮಾತ್ರ ಪಾಪ, ಕೊಟ್ಟ ಮಾತಿಗೆ ತಪ್ಪಲಿಲ್ಲ." ಹೀಗೆಂದು ಒಂದು ಕೈ ಅಕ್ಕನ ಕಡೆ, ಇನ್ನೊಂದು ಕೈ ಜೆರಾಕ್ಸಿನವನ ಕಡೆ ತೋರಿಸಿದ.

ಅಲ್ಲಿಂದ ಎಂಟು ತಿಂಗಳು ಆ ಮಾತು ಜೆರಾಕ್ಸಿನವನಿಗೆ ಬಿಸಿತುಪ್ಪವಾಯಿತು, ಉಗುಳಲಾರ, ನುಂಗಲಾರ. ಲಿಫ್ಟಣ್ಣ ನಿಜವಾಗಿ ದೊಡ್ಡಣ್ಣನಿಗೇ ಹಾಕಿದ್ದರೆ, ಆ ಎರಡರಲ್ಲಿ ಒಂದು ಅಕ್ಕನದು, ಇನ್ನೊಂದು ನೂರಾ ಹನ್ನೆರಡರಲ್ಲಿ ಯಾರೋ ಒಬ್ಬ ಪುಣ್ಯಾತ್ಮನದು. ಹಾಗೆಯೇ ಇರಬೇಕು, ಇರಲಿ ಎಂದು ಆ ಪುಣ್ಯಾತ್ಮನನ್ನು ಅವನು ಮನಸ್ಸಿನಲ್ಲೇ ಸಾಕಿಕೊಂಡ. ಆದರೂ ಲಿಫ್ಟು ಹತ್ತುವುದನ್ನು ಕಡಿಮೆ ಮಾಡಿದ. ಸಿಕ್ಕಾಗಲೆಲ್ಲ ಲಿಫ್ಟಣ್ಣ, "ಯಾಕೆ ತಮ್ಮಾ, ಮೆಟ್ಟಿಲು ಹತ್ತಿ ಮೈ ಇಳಿಸ್ತಿದೀಯಾ?" ಎಂದು ಕೇಳುತ್ತಿದ್ದ, ಅಷ್ಟೇ.

*

ಮಣ್ಣು ಮಾಡಿ ಮನೆಗೆ ಹಿಂತಿರುಗಿದಾಗ ಹನ್ನೆರಡೂವರೆ. ಜನ ಒಬ್ಬೊಬ್ಬರಾಗಿ ಕೈಮುಗಿದು ಇಳಿದುಹೋದರು. ಲಿಫ್ಟಣ್ಣನ ಹೆಂಡತಿ ಜೆರಾಕ್ಸಿನವನನ್ನು ಕೂರಿಸಿ, ಒಳಗಿನಿಂದ ಒಂದು ಕಾಗದದ ಕಟ್ಟು ತಂದಳು. ದಾರ ಕಟ್ಟಿ ನೀಟಾಗಿಟ್ಟಿದ್ದಳು.

"ಇದು ನಿಮ್ಮ ಆಫೀಸಿಂದು. ವಾಪಸ್ ಕೊಡ್ಬೇಕು ಅಂತಾನೇ ಇದ್ರು, ಮರೀತಿದ್ರು."

ಅದೇ ಮಾದರಿ ಚೀಟಿಗಳು. ಪ್ರತಿಯೊಂದರಲ್ಲೂ ಎರಡು ಮನೆ. ಎರಡನೇ ಮನೆಯಲ್ಲಿ ಒಂದು ರೈಟ್ ಗುರುತು. ಮೇಲಿನವು ವಕ್ರವಾಗಿ ಗೆರೆ ದಾಟಿದ್ದವು. ಹೋಗಹೋಗುತ್ತ ಗುರುತು ಚಿಕ್ಕದಾಗಿ, ನೇರವಾಗಿ, ಮನೆಯ ನಡುವೆ ಕೂತಿತ್ತು.

"ಇದು... ಜನಕ್ಕೆ ಕಲಿಸೋಕೆ ಅಂತ ತಗೊಂಡಿದ್ರಲ್ಲ ಅತ್ತಿಗೆ?"

"ಯಾವ ಜನ? ಅವರಿಗೇ ಕೈ ನಡುಕ. ಹೇಳ್ಕೊಳ್ಳೋಕೆ ನಾಚಿಕೆ. ಒಂದು ವಾರ ಊಟ ಆದ್ಮೇಲೆ ಇಲ್ಲೇ ಕೂತು ಮಗು ಥರ ತಿದ್ದಿದ್ರು. ಓಟು ಹಾಕಿ ಬಂದ ದಿನ ಚಪ್ಪಲಿ ಬಿಡೋಕೂ ಮುಂಚೆ, 'ಗೆರೆ ತಾಗಲಿಲ್ಲ ಕಣೇ, ನನ್ನ ಹೆಸರಿನ ಮುಂದೆ ನಟ್ಟನಡುವೆ ಹಾಕಿ ಬಂದೆ' ಅಂದ್ರು."

ಜೆರಾಕ್ಸಿನವನು ಕಟ್ಟಿನಿಂದ ತಲೆಯೆತ್ತಿದ. "ಅವರ ಹೆಸರಿನ ಮುಂದೇನಾ?"

"ಮತ್ಯಾರ ಹೆಸರಿನ ಮುಂದೆ?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎರಡೇ ಬಂತು ಅಂದಾಗ ನಾನೇ ಕೇಳಿದೆ, ಮೂರು ಬರ್ಬೇಕಿತ್ತಲ್ಲ ಅಂತ. 'ನಮ್ಮ ತಮ್ಮಂದು ಗೆರೆ ತಾಗಿ ಕೆಟ್ಟಿರ್ಬೇಕು, ಪಾಪ. ಅವನ ಮುಂದೆ ಎತ್ತಬೇಡ, ನೊಂದ್ಕೋತಾನೆ' ಅಂದ್ರು. ಇಷ್ಟು ದಿನ ಎತ್ತಲಿಲ್ಲ. ಈಗಿನ್ನೇನು. ಬೇಜಾರು ಮಾಡ್ಕೋಬೇಡಪ್ಪ, ಗೆರೆ ತಾಗೋದು ಯಾರಿಗೂ ಆಗುತ್ತೆ."

ತಿರಸ್ಕೃತವಾದದ್ದು ಒಂದೂ ಇಲ್ಲ ಎಂದು ಓದಿದಾಗ ಲಿಫ್ಟಣ್ಣ ಮೊದಲ ಸಾಲಿನಲ್ಲೇ ಕೂತಿದ್ದ. ಊರಿಗೊಂದು ಸುಳ್ಳು ಹೇಳಿದ್ದ, ಹೆಂಡತಿಗೊಂದು ಸುಳ್ಳು ಹೇಳಿದ್ದ. ಎರಡನ್ನೂ ಇವನಿಗೋಸ್ಕರ ಹೇಳಿದ್ದ. ಜೆರಾಕ್ಸಿನವನು ಬಾಯಿ ತೆರೆದ. ಹೇಳಿಬಿಡೋಣ ಎಂದು ನಿಜವಾಗಿ ಅನ್ನಿಸಿತು. ಆದರೆ ಹೇಳಿದರೆ ಹಗುರವಾಗುವವನು ತಾನು. ಈ ಮನೆ ನಂಬಿಕೊಂಡಿದ್ದ ಮೂರು ಮತದಲ್ಲಿ ಒಂದನ್ನು ಕಿತ್ತುಕೊಂಡ ಹಾಗೆ. ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು, "ಬರ್ತೀನಿ ಅತ್ತಿಗೆ," ಎಂದು ಎದ್ದ.

ಮಧ್ಯಾಹ್ನಕ್ಕೆ ಎಲ್ಲರೂ ಕೆಲಸಕ್ಕೆ ಬಂದರು. ರಜೆ ಕೊಟ್ಟದ್ದು ಅರ್ಧ ದಿನಕ್ಕೆ ಮಾತ್ರ. ದೊಡ್ಡಣ್ಣ ಸಂತಾಪ ಸೂಚನೆಯ ಹಾಳೆ ಹಿಡಿದು ಜೆರಾಕ್ಸ್ ಕೋಣೆಗೆ ಬಂದ.

"ಹತ್ತು ಕಾಪಿ ತೆಗಿ. ಒಂದು ಕಡೆ ಬಳಸಿದ ಕಾಗದದಲ್ಲೇ ತೆಗಿ, ಅಂಟಿಸೋಕೆ ತಾನೇ. ಲಿಫ್ಟಿನ ಬಾಗಿಲಿಗೂ ಒಂದು ಹಾಕು."

"ದೊಡ್ಡಣ್ಣಾ, ಆ ಬಕೆಟ್ ವಿಷಯ..."

"ನೋಡೋಣ," ಎಂದ ದೊಡ್ಡಣ್ಣ. "ಇವತ್ತು ಅದನ್ನೆಲ್ಲ ಮಾತಾಡೋ ದಿನಾನಾ?"

"ಆಯ್ತು ದೊಡ್ಡಣ್ಣ," ಎಂದ ಜೆರಾಕ್ಸಿನವನು.

ಒಂಬತ್ತನ್ನು ಬೇರೆ ರದ್ದಿಯಲ್ಲಿ ತೆಗೆದ. ಹತ್ತನೆಯದಕ್ಕೆ ಕಟ್ಟು ಬಿಚ್ಚಿದ. ತೀರ ಕೆಳಗೆ ಒಂದು ಚೀಟಿ ಗುರುತಿಲ್ಲದೆ ಉಳಿದಿತ್ತು. ಅದನ್ನು ಯಂತ್ರದ ಮೇಲಿಟ್ಟು, ಪೆನ್ನು ತೆಗೆದು, ಎರಡನೇ ಮನೆಯಲ್ಲಿ ರೈಟ್ ಗುರುತು ಹಾಕಿದ. ಗುರುತಿನ ಬಾಲ ಹೋಗಿ ಗೆರೆಗೆ ತಾಗಿತು. ಇನ್ನೊಂದು ಖಾಲಿ ಚೀಟಿ ತೆಗೆಯುವುದು ಅವನಿಗೆ ಕ್ಷಣದ ಕೆಲಸ. ತೆಗೆಯಲಿಲ್ಲ. ಅದರ ಬೆನ್ನಿಗೇ ಸಂತಾಪ ಸೂಚನೆ ಅಚ್ಚು ಮಾಡಿಕೊಂಡು ಹೊರಟ.

ಲಿಫ್ಟಿಗೆ ಬೀಗ ಹಾಕಿದ್ದರು. ಬಾಗಿಲ ಗಾಜಿನಲ್ಲಿ ಒಳಗಿನ ಸ್ಟೂಲು ಕಾಣುತ್ತಿತ್ತು. ಹಾಳೆಯ ಗುರುತಿನ ಬದಿಯನ್ನು ಗಾಜಿಗೆ ಒತ್ತಿ, ನಾಲ್ಕು ಮೂಲೆಗೆ ಟೇಪು ಹಚ್ಚಿದ.

ಬಕೆಟ್ ಅಕ್ಕ ಎರಡು ಕೈಯಲ್ಲಿ ನೀರು ಹಿಡಿದು ಬಂದು, ಬಕೆಟ್ ಕೆಳಗಿಟ್ಟು ಉಸಿರು ತೆಗೆದುಕೊಂಡಳು. ಅವಳಿಗೆ ಓದು ಬರದು.

"ಏನಂತ ಬರ್ದಿದಾರೆ?"

"ತುಂಬಾ ಒಳ್ಳೆಯವರಾಗಿದ್ರು ಅಂತ."

"ಬಕೆಟ್ ವಿಷಯ ಇದೆಯಾ?"

"ಇಲ್ಲ ಅಕ್ಕ."

ಅವಳು ತಲೆಯಾಡಿಸಿ ಬಗ್ಗಿದಳು. ಅವನು ಒಂದು ಬಕೆಟ್ಟಿಗೆ ಕೈ ಚಾಚಿದ.

"ಬೇಡ ಬಿಡು. ಒಂದೇ ಆದ್ರೆ ಮೈ ವಾಲುತ್ತೆ. ಎರಡಿದ್ರೇ ಸಮ."

ಅವಳು ಮೆಟ್ಟಿಲು ಹತ್ತತೊಡಗಿದಳು. ಮೊದಲ ತಿರುವಿನಲ್ಲಿ ಸ್ವಲ್ಪ ನೀರು ತುಳುಕಿದ ಸದ್ದಾಯಿತು. ಬೀಗ ಹಾಕಿದ ಲಿಫ್ಟಿನೊಳಗಿನ ಖಾಲಿ ಸ್ಟೂಲಿಗೆ ಎದುರಾಗಿ, ಗಾಜಿಗೆ ಮುಖ ಒತ್ತಿಕೊಂಡು ಎಂಟು ತಿಂಗಳು ತಡವಾದ ಆ ಗುರುತು ನಿಂತಿತ್ತು, ಗೆರೆಗೆ ತಾಗಿಕೊಂಡು.